ಕೈಗೆ ಮಾತ್ರ ಗೊತ್ತಾಗುವ ಕಥೆ

ಪ್ರಶ್ನೆ: ನಾನು ಚಿಕ್ಕಂದಿನಿಂದ ಕಥೆ, ಕಾದಂಬರಿ ಓದಿಕೊಂಡು ಬಂದವಳು. ಈಚೆಗೆ 'ಡಿಜಿಟಲ್ ಸಾಹಿತ್ಯ' ಅನ್ನುವ ಮಾತು ಜಾಸ್ತಿ ಕೇಳಿಬರುತ್ತಿದೆ. ಮೊಬೈಲಿನಲ್ಲಿ ಕಾದಂಬರಿ ಓದಿದರೆ ಅದು ಡಿಜಿಟಲ್ ಸಾಹಿತ್ಯವೇ? ಕಂಪ್ಯೂಟರ್ ಗೇಮ್ ಕೂಡ ಕಲೆ ಅಂತ ನನ್ನ ತಮ್ಮ ವಾದ ಮಾಡುತ್ತಾನೆ. ಅವನು ಆಡುವಾಗ ಪಕ್ಕದಲ್ಲಿ ಕೂತು ನೋಡಿದೆ. ಚಿತ್ರ ಚೆನ್ನಾಗಿತ್ತು, ಕಥೆ ತೀರಾ ಸಾಧಾರಣ. ಓದುವವರೇ ದಾರಿ ಆರಿಸಿಕೊಳ್ಳುವುದಾದರೆ ಬರೆದವರಿಗೆ ಏನು ಕೆಲಸ? ಇಂಥದ್ದರಲ್ಲಿ ಚೆಲುವನ್ನು ಎಲ್ಲಿ ನೋಡಬೇಕು? ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಹೇಗೆ ಹೇಳುವುದು?

ಉತ್ತರ: "ಪಕ್ಕದಲ್ಲಿ ಕೂತು ನೋಡಿದೆ" ಅಂದಿದ್ದೀರಲ್ಲ, ನನ್ನ ಉತ್ತರ ಆ ಮಾತಿನಿಂದಲೇ ಶುರು. ಹಾಗೆ ನೋಡುವಾಗ ಚಿತ್ರ ಕಾಣುತ್ತದೆ, ಕಥೆಯ ಎಳೆಯೂ ಕಾಣುತ್ತದೆ. ನಿಮ್ಮ ತಮ್ಮನ ಕೈಯಲ್ಲಿ ಏನು ನಡೆಯುತ್ತಿತ್ತು ಅನ್ನುವುದು ಮಾತ್ರ ಕಾಣುವುದಿಲ್ಲ. ಈ ಕಲೆಯಲ್ಲಿ ಮುಖ್ಯವಾದದ್ದು ಹೆಚ್ಚಾಗಿ ಅಲ್ಲೇ ನಡೆಯುತ್ತದೆ. ಸುಮ್ನೆ ಹೀಗೆ ಹೇಳಿದರೆ ಒಣ ಸಿದ್ಧಾಂತ ಅನ್ನಿಸಬಹುದು. ಒಂದು ಗೇಮ್ ತೆಗೆದುಕೊಂಡು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2013ರಲ್ಲಿ 'ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್' ಅಂತ ಒಂದು ಗೇಮ್ ಬಂತು. ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಅಣ್ಣ ತಮ್ಮ ಇಬ್ಬರೂ ಹೊರಡುತ್ತಾರೆ. ಕಥೆ ಇಷ್ಟೇ. ಅವರಾಡುವ ಮಾತು ಯಾವ ದೇಶದ ಭಾಷೆಯೂ ಅಲ್ಲ, ಹಾಗಾಗಿ ಒಳ್ಳೆಯ ಸಂಭಾಷಣೆ ಅಂತಲೂ ಏನಿಲ್ಲ. ಆಡುವ ಬಗೆ ಮಾತ್ರ ಬೇರೆ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಎಡಭಾಗ ಪೂರ್ತಿ ಅಣ್ಣನದು, ಬಲಭಾಗ ಪೂರ್ತಿ ತಮ್ಮನದು. ಒಂದೇ ಸಲಕ್ಕೆ ಇಬ್ಬರನ್ನೂ ನಡೆಸಬೇಕು. ಮೊದಲ ಹತ್ತು ನಿಮಿಷ ಬರೀ ಗೊಂದಲ. ಒಬ್ಬ ಗೋಡೆಗೆ ಹೋಗಿ ನಿಲ್ಲುತ್ತಾನೆ, ಇನ್ನೊಬ್ಬ ಎಲ್ಲಿಗೋ ಓಡುತ್ತಾನೆ. ಬರಬರುತ್ತಾ ಎಡಗೈ ಅಣ್ಣನೇ ಆಗಿಬಿಡುತ್ತದೆ, ಬಲಗೈ ತಮ್ಮ. ತಮ್ಮನಿಗೆ ನೀರು ಕಂಡರೆ ಭಯ, ಯಾಕೆಂದರೆ ಅವರಮ್ಮ ನೀರಿನಲ್ಲಿ ಮುಳುಗಿ ಸತ್ತಿದ್ದಳು. ನೀರು ಅಡ್ಡ ಬಂದಾಗಲೆಲ್ಲ ಅವನು ಅಣ್ಣನ ಬೆನ್ನಿಗೆ ಅಂಟಿಕೊಳ್ಳುತ್ತಾನೆ, ಅಣ್ಣ ಈಜಿ ದಾಟಿಸುತ್ತಾನೆ.

ಇನ್ನು ಮುಂದೆ ಹೇಳುವುದು ಗೇಮಿನ ಕೊನೆ. ನೀವೇ ಆಡಬೇಕು ಅಂತಿದ್ದರೆ ಈ ಪ್ಯಾರಾ, ಇದರ ಮುಂದಿನ ಪ್ಯಾರಾ ಎರಡನ್ನೂ ಬಿಟ್ಟು ಓದಿ. ಅಣ್ಣ ಸಾಯುತ್ತಾನೆ. ಅಲ್ಲಿಂದ ಎಡಗೈಗೆ ಕೆಲಸವೇ ಇಲ್ಲ. ಬೆರಳು ಬಟನ್ ಮೇಲೆಯೇ ಇರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಮದ್ದು ಹಿಡಿದುಕೊಂಡು ತಮ್ಮ ಒಬ್ಬನೇ ವಾಪಸ್ ಬರುವಾಗ ನೀರು ಅಡ್ಡ ಸಿಗುತ್ತದೆ. ಬಲಗಡೆ ಒತ್ತಿದೆ. ಅವನು ಇಳಿಯಲಿಲ್ಲ. ಮತ್ತೆ ಒತ್ತಿದೆ, ದಡದಲ್ಲೇ ನಿಂತ. ಬೇರೆ ದಾರಿ ಇರಬಹುದು ಅಂತ ಸುತ್ತ ಹುಡುಕಿದೆ, ಇರಲಿಲ್ಲ. ಆಮೇಲೆ ಯಾವಾಗಲೋ ಎಡಗೈ ಅಣ್ಣನ ಬಟನ್ ಒತ್ತಿತು. ತಮ್ಮ ನೀರಿಗಿಳಿದು ಈಜತೊಡಗಿದ. ನಾನು ಕಂಟ್ರೋಲರ್ ಕೆಳಗಿಡದೆ ಅತ್ತುಬಿಟ್ಟೆ.

ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರಿಗೆ ಏನು ಕಾಣುತ್ತಿತ್ತು? ಒಬ್ಬ ಹುಡುಗ ಸ್ವಲ್ಪ ಹೊತ್ತು ಹಿಂಜರಿದ, ಆಮೇಲೆ ಈಜಿದ. ಅಷ್ಟೇ ಅಲ್ವಾ? ಸತ್ತವನು ಉಳಿದವನೊಳಗೆ ಇದ್ದಾನೆ ಅನ್ನುವುದನ್ನು ಆ ಗೇಮ್ ಬಾಯಿಬಿಟ್ಟು ಹೇಳಲಿಲ್ಲ, ಚಿತ್ರದಲ್ಲೂ ತೋರಿಸಲಿಲ್ಲ. ಗಂಟೆಗಟ್ಟಲೆ ಒಂದು ಬಟನ್ನನ್ನು ನನ್ನ ಕೈಗೆ ರೂಢಿ ಮಾಡಿಸಿತು, ಅದನ್ನು ಕಿತ್ತುಕೊಂಡಿತು, ಕೊನೆಗೆ ಒಂದೇ ಒಂದು ಸಲ ವಾಪಸ್ ಕೊಟ್ಟಿತು. ಕಾದಂಬರಿಯಿಂದಲೋ ಸಿನಿಮಾದಿಂದಲೋ ಇದನ್ನು ಇದೇ ರೀತಿ ಮಾಡಲು ಆಗುವುದಿಲ್ಲ. ಅವಕ್ಕೆ ಅವುಗಳದ್ದೇ ಬೇರೆ ದಾರಿಗಳಿವೆ.

ಈಗ ಮೊಬೈಲಿನ ಕಾದಂಬರಿಯ ವಿಚಾರ. ಅದು ಡಿಜಿಟಲ್ ಸಾಹಿತ್ಯ ಅಲ್ಲ. ನಾನು ಬಳಸುವ ಪರೀಕ್ಷೆ ಸುಲಭದ್ದು: ಕಾಗದದ ಮೇಲೆ ಅಚ್ಚು ಹಾಕಿದರೆ ಏನಾದರೂ ಕಳೆದುಹೋಗುತ್ತದೆಯೇ ನೋಡಿ. ಏನೂ ಹೋಗದಿದ್ದರೆ ಅದು ಸ್ಕ್ರೀನಿಗೆ ಬಂದ ಪುಸ್ತಕ. ಕೃತಿಯ ಜೀವವೇ ಹೋಗುವುದಾದರೆ ಅದು ಕಂಪ್ಯೂಟರಿನಲ್ಲೇ ಹುಟ್ಟಿದ ಸಾಹಿತ್ಯ.

ಓದುವವರ ಕೈಗೂ ಕೆಲಸ ಕೊಡುವ ಬರಹಕ್ಕೆ ನಾರ್ವೆಯ ವಿದ್ವಾಂಸ ಎಸ್ಪೆನ್ ಆರ್ಸೆತ್ 1997ರಲ್ಲಿ 'ಎರ್ಗಾಡಿಕ್' ಸಾಹಿತ್ಯ ಅಂತ ಹೆಸರು ಕೊಟ್ಟರು. ಗ್ರೀಕ್ ಭಾಷೆಯ 'ಕೆಲಸ' ಮತ್ತು 'ದಾರಿ' ಅನ್ನುವ ಎರಡು ಪದ ಸೇರಿ ಆದದ್ದು. ಪುಟ ತಿರುಗಿಸುವುದು, ಕಣ್ಣು ಓಡಿಸುವುದು ಇಲ್ಲಿ ಲೆಕ್ಕಕ್ಕಿಲ್ಲ. ಪಠ್ಯದ ಒಳಗೆ ಮುಂದೆ ಹೋಗಲು ಓದುವವರು ಬೇರೆ ಏನಾದರೂ ಶ್ರಮ ಪಡಬೇಕು. ಅವರ ಮಾತಿನಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಇದಕ್ಕೆ ಕಂಪ್ಯೂಟರೇ ಬೇಕು ಅಂತ ಅವರು ಹೇಳಲಿಲ್ಲ. ಚೀನಾದ ಹಳೆಯ ಶಕುನದ ಪುಸ್ತಕ 'ಐ ಚಿಂಗ್' ಕೂಡ ಅವರ ಉದಾಹರಣೆಗಳಲ್ಲಿ ಒಂದು. ನಮ್ಮ ಭಾಷೆಯಲ್ಲೇ ಬೇಕೆಂದರೆ ಕುಮುದೇಂದುವಿನ ಹೆಸರಿನಲ್ಲಿರುವ 'ಸಿರಿಭೂವಲಯ' ಇದೆ. 27 ಸಾಲು, 27 ಕಂಬಗಳ ಚೌಕಗಳು, ಅವುಗಳೊಳಗೆ 1ರಿಂದ 64ರವರೆಗಿನ ಅಂಕಿಗಳು. ನಡೆಯುವ ಕ್ರಮ ಗೊತ್ತಿಲ್ಲದಿದ್ದರೆ ಒಂದಕ್ಷರವೂ ಸಿಗುವುದಿಲ್ಲ. ಅದರ ಕಾಲದ ಬಗ್ಗೆ ವಿದ್ವಾಂಸರ ನಡುವೆ ಜಗಳ ಇದೆ, ಅದು ಇಲ್ಲಿಗೆ ಬೇಡ.

ನಿಮ್ಮ ದೊಡ್ಡ ಪ್ರಶ್ನೆ ಬರೆದವರ ಕೆಲಸದ್ದು. ಓದುವವರಿಗೆ ಆಯ್ಕೆ ಕೊಟ್ಟರೆ ಬರೆದವರ ಹಿಡಿತ ಸಡಿಲವಾಗುತ್ತದೆ ಅನ್ನುವುದು ಬಹಳ ಜನರ ಅನುಮಾನ. ನನಗೆ ಕಂಡದ್ದು ಬೇರೆ: ಅವರ ಕೆಲಸ ಎರಡು ಪಟ್ಟಾಗುತ್ತದೆ. ಫ್ರಾನ್ಸಿನ ಕವಿ ರೇಮೋ ಕೆನೋ 1961ರಲ್ಲಿ ಹತ್ತು ಸಾನೆಟ್‌ಗಳ ಒಂದು ಪುಸ್ತಕ ತಂದರು. ಪುಟಗಳನ್ನು ಸಾಲು ಸಾಲಾಗಿ ಪಟ್ಟಿ ಕತ್ತರಿಸಲಾಗಿತ್ತು. ಯಾವ ಕವನದ ಮೊದಲ ಸಾಲಿಗೆ ಯಾವ ಕವನದ ಎರಡನೆಯ ಸಾಲನ್ನಾದರೂ ಸೇರಿಸಬಹುದು. ಹದಿನಾಲ್ಕು ಸಾಲು, ಪ್ರತಿ ಸಾಲಿಗೂ ಹತ್ತು ಆಯ್ಕೆ. ಲೆಕ್ಕ ಹಾಕಿದರೆ ಒಂದು ಕೋಟಿಯ ಒಂದು ಕೋಟಿ ಪಟ್ಟು ಕವನಗಳು. ಓದುವವರಿಗೆ ಇದು ಪಟ್ಟಿ ತಿರುಗಿಸುವ ಕೆಲಸ. ಕೆನೋಗೆ? ಯಾವ ಸಾಲು ಯಾವುದರ ಪಕ್ಕ ಬಂದರೂ ಪ್ರಾಸ ಕೂಡಬೇಕು, ವಾಕ್ಯ ಮುರಿಯಬಾರದು. ಒಂದು ಸಾಲು ಬರೆಯುವಾಗ ಉಳಿದ ಸಾಲುಗಳೆಲ್ಲ ತಲೆಯಲ್ಲಿರಬೇಕು.

ಕಂಪ್ಯೂಟರಿಗೆ ಬಂದರೆ, ಅಮೆರಿಕದ ಮೈಕೇಲ್ ಜಾಯ್ಸ್ ಬರೆದ 'ಆಫ್ಟರ್‌ನೂನ್, ಎ ಸ್ಟೋರಿ' ಇದೆ. 1987ರಲ್ಲಿ ಮೊದಲು ತೋರಿಸಿದ್ದು, 1990ರಲ್ಲಿ ಫ್ಲಾಪಿ ಡಿಸ್ಕಿನಲ್ಲಿ ಪ್ರಕಟವಾಯಿತು. ಒಟ್ಟು 539 ತುಣುಕುಗಳು, ಅವನ್ನು ಜೋಡಿಸುವ 951 ಕೊಂಡಿಗಳು. ಒಬ್ಬ ಮನುಷ್ಯ ಬೆಳಿಗ್ಗೆ ರಸ್ತೆಯಲ್ಲಿ ಒಂದು ಅಪಘಾತ ನೋಡಿದ್ದಾನೆ. ಸತ್ತದ್ದು ತನ್ನ ಮಗನಿರಬಹುದು ಅನ್ನುವ ಭಯ ಅವನನ್ನು ಹಿಡಿದಿದೆ. ಓದುವವರು ಒಂದು ಪದದ ಮೇಲೆ ಒತ್ತಿದರೆ ಒಂದು ಕಡೆ ಹೋಗುತ್ತಾರೆ, ಇನ್ನೊಂದರ ಮೇಲೆ ಒತ್ತಿದರೆ ಇನ್ನೊಂದು ಕಡೆ. ಯಾವ ಪದದ ಹಿಂದೆ ದಾರಿ ಇದೆ ಅಂತ ಗೆರೆ ಎಳೆದು ತೋರಿಸಿಲ್ಲ, ಒತ್ತಿಯೇ ನೋಡಬೇಕು. ಕೆಲವು ತುಣುಕುಗಳಿಗೆ ಕಾವಲು ಇದೆ. ಮೊದಲು ಬೇರೆ ತುಣುಕುಗಳನ್ನು ಓದಿ ಬಂದಿದ್ದರೆ ಮಾತ್ರ ಅವು ತೆರೆಯುತ್ತವೆ.

ಆ ಕಾವಲನ್ನು ಸ್ವಲ್ಪ ಯೋಚಿಸಿ ನೋಡಿ. ಫೋನ್ ಮಾಡಿ ವಿಚಾರಿಸಿದರೆ ಮಗನ ವಿಷಯ ಗೊತ್ತಾಗಿಬಿಡುತ್ತದೆ. ಆ ಮನುಷ್ಯ ಅದನ್ನು ತಪ್ಪಿಸಿಕೊಂಡು ಬೇರೆ ಏನೇನೋ ನೆನೆಯುತ್ತಾ ಸುತ್ತುತ್ತಾನೆ. ಓದುವವರೂ ಸುತ್ತುತ್ತಾರೆ, ಓದಿದ ತುಣುಕಿಗೇ ಮತ್ತೆ ಬಂದು ಬೀಳುತ್ತಾರೆ. ಅವನ ಮನಸ್ಸು ಎಲ್ಲಿ ಹೋಗಲು ಒಪ್ಪುವುದಿಲ್ಲವೋ ಅಲ್ಲಿಗೆ ನಮ್ಮನ್ನೂ ಬಿಡುವುದಿಲ್ಲ. ದಾರಿ ಆರಿಸುವುದು ನಾವೇ ಸರಿ, ಆದರೆ ಯಾವ ಬಾಗಿಲು ಯಾವಾಗ ತೆರೆಯಬೇಕು ಅನ್ನುವುದನ್ನು ಜಾಯ್ಸ್ ಮೊದಲೇ ಬರೆದಿಟ್ಟಿದ್ದಾರೆ. ಬಾಗಿಲು ಇಡುವುದೂ ಬರವಣಿಗೆಯೇ. ಈ ಕಥೆಗೆ ಗೊತ್ತಾದ ಕೊನೆ ಅಂತ ಇಲ್ಲ. ಸುತ್ತುವುದು ಸಾಕು ಅನ್ನಿಸಿದಾಗ ಓದು ಮುಗಿಯಿತು ಅಂತ ಕೃತಿಯೇ ಹೇಳುತ್ತದೆ. ಇದು ಎಲ್ಲರಿಗೂ ಹಿಡಿಸುವುದಿಲ್ಲ. ನನಗೂ ಮೊದಲ ಸಲ ಸಿಟ್ಟು ಬಂದಿತ್ತು, ಮೂರನೆಯ ಸಲ ಓದುವಾಗ ರುಚಿ ಹತ್ತಿತು.

ಗೇಮ್ ಕಲೆಯೇ ಅನ್ನುವ ಜಗಳಕ್ಕೂ ಇದೇ ಬೇರು. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2005ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ನಿಮ್ಮ ಮಾತೇ: ಗೇಮ್ ಆಡುವವರ ಆಯ್ಕೆಯ ಮೇಲೆ ನಿಂತಿದೆ, ಗಂಭೀರ ಸಾಹಿತ್ಯ ಮತ್ತು ಸಿನಿಮಾ ಕರ್ತೃವಿನ ಹಿಡಿತದ ಮೇಲೆ ನಿಂತಿವೆ. 2010ರಲ್ಲಿ ಇನ್ನೂ ಗಟ್ಟಿಯಾಗಿ, ಗೇಮ್ ಎಂದಿಗೂ ಕಲೆ ಆಗಲಾರದು ಅಂದರು. ಸಾವಿರಾರು ಜನ ಉತ್ತರ ಬರೆದರು. ಕೆಲವೇ ತಿಂಗಳಲ್ಲಿ ಅವರು ಮತ್ತೆ ಬರೆದು, ತಾನು ಆಡದೇ ಇರುವುದರ ಬಗ್ಗೆ ತೀರ್ಪು ಕೊಡಬಾರದಿತ್ತು ಅಂತ ಒಪ್ಪಿಕೊಂಡರು. ಅಭಿಪ್ರಾಯ ಬದಲಾಯಿಸಲಿಲ್ಲ, ಆದರೆ ನೋಡುವುದೇ ಬೇರೆ, ಆಡುವುದೇ ಬೇರೆ ಅನ್ನುವುದನ್ನು ಒಪ್ಪಿದರು. ಅವರ ಮೇಲೆ ನನಗೆ ಗೌರವ ಹೆಚ್ಚಾದದ್ದು ಆವಾಗಲೇ. 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಹದಿನಾಲ್ಕು ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಮ್ಯೂಸಿಯಂ ಒಳಗೆ ಬಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಹಾಗಾಗಿ ಅದನ್ನು ನಾನು ವಾದಕ್ಕೆ ಬಳಸುವುದಿಲ್ಲ.

ಈ ವಿಷಯ ಓದುವವರ ಒಳಗೇ ಇನ್ನೊಂದು ಜಗಳ ನಡೆಯಿತು. ಅದು ನಿಮಗೆ ಉಪಯೋಗಕ್ಕೆ ಬರುತ್ತದೆ. ಟೆಟ್ರಿಸ್ ಗೊತ್ತಲ್ಲ? 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಮಾಡಿದ್ದು. ಮೇಲಿನಿಂದ ಬೀಳುವ ಏಳು ಬಗೆಯ ತುಂಡುಗಳನ್ನು ತಿರುಗಿಸಿ ಸಾಲು ತುಂಬಿಸಬೇಕು. ಅಮೆರಿಕದ ಜಾನೆಟ್ ಮರ್ರಿ 1997ರಲ್ಲಿ ಟೆಟ್ರಿಸನ್ನು ಕಥೆಯ ಹಾಗೆ ಓದಿದರು: ಮೇಲಿಂದ ಮೇಲೆ ಬಂದು ಬೀಳುವ ಕೆಲಸ, ಒಂದು ಮುಗಿಸುವಷ್ಟರಲ್ಲಿ ಇನ್ನೊಂದು, ಅದು ಬಿಡುವಿಲ್ಲದ ಅಮೆರಿಕನ್ನರ ಬದುಕಿನ ನಟನೆಯೇ ಅಂದರು. ಫಿನ್‌ಲೆಂಡಿನ ಮಾರ್ಕು ಎಸ್ಕೆಲಿನೆನ್ ರೇಗಿದರು. ಇದು ಆಟದ ಮೇಲೆ ಅರ್ಥವನ್ನು ಬಲವಂತವಾಗಿ ಹೇರುವುದು ಅಂದರು. ನಾನು ನಿಮ್ಮ ಕಡೆ ಚೆಂಡು ಎಸೆದರೆ ಅದು ಕಥೆ ಹೇಳಲಿ ಅಂತ ನೀವು ಕಾಯುತ್ತೀರಾ ಅನ್ನುವುದು 2001ರಲ್ಲಿ ಅವರು ಬರೆದ ಮಾತಿನ ಸಾರಾಂಶ.

ನನ್ನ ಒಲವು ಎಸ್ಕೆಲಿನೆನ್ ಕಡೆ, ಪೂರ್ತಿಯಾಗಿ ಅಲ್ಲ. ಟೆಟ್ರಿಸ್ ಆಡುವವರು ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ಬಾವಿಯ ಹಾಗೆ ಒಂದು ಚೌಕದಗಲದ ಸಂದು ಬಿಟ್ಟುಕೊಂಡು ಕಟ್ಟುತ್ತಾ ಹೋಗುತ್ತಾರೆ. ನಾಲ್ಕು ಚೌಕದ ಉದ್ದನೆಯ ಕೋಲು ಬಂದರೆ ನಾಲ್ಕು ಸಾಲು ಒಂದೇ ಏಟಿಗೆ ಮಾಯ. ಆ ಕೋಲು ಬರುವುದೇ ಇಲ್ಲ. ರಾಶಿ ಏರುತ್ತದೆ, ವೇಗ ಏರುತ್ತದೆ, ಇನ್ನೊಂದು ತುಂಡು ಕಾಯೋಣ ಅಂತ ಮನಸ್ಸು ಹೇಳುತ್ತದೆ. ಕೊನೆಗೆ ಬಂದಾಗ ಉಸಿರು ಹೊರಬೀಳುತ್ತದೆ. ಇದರಲ್ಲಿ ಕಥೆ ಇಲ್ಲ, ಆದರೆ ಬಿಗಿ ಇದೆ, ಬಿಡುಗಡೆ ಇದೆ. ತಾಳ ಹಾಕುತ್ತಾ ಸಮಕ್ಕೆ ಕಾಯುವವರಿಗೆ ಈ ಅನುಭವ ಹೊಸದಲ್ಲ. ಕಥೆ ಸಾಧಾರಣ ಅಂತ ಗೇಮನ್ನು ತಳ್ಳಿಹಾಕುವುದು ಸಾಹಿತ್ಯ ಸರಿಯಿಲ್ಲ ಅಂತ ಒಂದು ಆಲಾಪನೆಯನ್ನು ತಳ್ಳಿಹಾಕಿದ ಹಾಗೆ.

ತತ್ವಶಾಸ್ತ್ರಜ್ಞ ಸಿ. ಥಿ ನ್ಗುಯೆನ್ 2020ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಚಿತ್ರ ಬರೆಯುವವರ ಕೈಗೆ ಬಣ್ಣ ಹೇಗೋ ಗೇಮ್ ಮಾಡುವವರ ಕೈಗೆ ಆಡುವವರ ಮಾಡುವಿಕೆಯೇ ಹಾಗೆ. ಏನು ಬೇಕು ಅನ್ನಿಸಬೇಕು, ಏನು ಮಾಡಲು ಬರಬೇಕು, ಏನು ಅಡ್ಡ ಬರಬೇಕು, ಈ ಮೂರನ್ನೂ ಅವರು ಕಡೆದಿಡುತ್ತಾರೆ. ಹಾಗಾಗಿ ಚೆಲುವು ಎಷ್ಟೋ ಸಲ ಸ್ಕ್ರೀನಿನ ಮೇಲೆ ಇರುವುದಿಲ್ಲ, ಆಡುವವರ ಸ್ವಂತ ನಡೆಯಲ್ಲೇ ಇರುತ್ತದೆ. ಇಕ್ಕಟ್ಟಿನಲ್ಲಿ ಸರಿಯಾದ ದಾರಿ ಹೊಳೆಯಿತು, ಕೈ ತಡವರಿಸದೆ ಅದನ್ನು ಮಾಡಿತು, ಆ ಕ್ಷಣದ ಸೊಗಸು. ಸಹೃದಯ ಅನ್ನುವ ಒಳ್ಳೆಯ ಪದ ನಮ್ಮಲ್ಲಿದೆ. ಇಲ್ಲಿ ಸಹೃದಯರಿಗೆ ಕೈಯೂ ಬೇಕು.

ಮಾಡುವಿಕೆಯಿಂದ ಸೊಗಸು ಮಾತ್ರ ಅಲ್ಲ, ವಿಚಾರವೂ ಹುಟ್ಟುತ್ತದೆ. ಇಯಾನ್ ಬೊಗೋಸ್ಟ್ ಅನ್ನುವವರು 2007ರ ಒಂದು ಪುಸ್ತಕದಲ್ಲಿ ಇದನ್ನು ವಿಸ್ತಾರವಾಗಿ ಹೇಳಿದರು: ಭಾಷಣ ಮಾತಿನಿಂದ ಒಪ್ಪಿಸುತ್ತದೆ, ಗೇಮ್ ನಿಯಮಗಳಿಂದ ಒಪ್ಪಿಸುತ್ತದೆ. 'ಪೇಪರ್ಸ್, ಪ್ಲೀಸ್' (2013) ಆಡಿದರೆ ಇದು ತಟ್ಟನೆ ತಿಳಿಯುತ್ತದೆ. ಲೂಕಸ್ ಪೋಪ್ ಮಾಡಿದ್ದು. ನೀವು ಒಂದು ಕಲ್ಪನೆಯ ದೇಶದ ಗಡಿಯಲ್ಲಿ ಕಾಗದಪತ್ರ ನೋಡುವ ನೌಕರ. ಎಷ್ಟು ಜನರ ಕೆಲಸ ಸರಿಯಾಗಿ ಮುಗಿಸಿದಿರೋ ಅಷ್ಟು ಸಂಬಳ. ಊಟಕ್ಕೆ, ಚಳಿಯಲ್ಲಿ ಮನೆ ಬೆಚ್ಚಗಿಡುವುದಕ್ಕೆ, ಔಷಧಿಗೆ, ಮೂರಕ್ಕೂ ದುಡ್ಡು ಬೇಕು. ಒಂದು ದಿನ ಗಂಡ ಹೆಂಡತಿ ಬರುತ್ತಾರೆ. ಗಂಡನ ಕಾಗದ ಸರಿ ಇದೆ, ಹೆಂಡತಿಯದ್ದು ಇಲ್ಲ. ವಾಪಸ್ ಹೋದರೆ ತನ್ನನ್ನು ಕೊಲ್ಲುತ್ತಾರೆ ಅನ್ನುತ್ತಾಳೆ. ದಿನದ ಮೊದಲ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಆಮೇಲೆ ಸಂಬಳಕ್ಕೆ ಕತ್ತರಿ. ನಾನು ಆ ಹೊತ್ತಿನಲ್ಲಿ ಮಾಡಿದ್ದು ಲೆಕ್ಕ: ಇವತ್ತು ಎಷ್ಟು ತಪ್ಪಾಗಿದೆ, ಇನ್ನೊಂದು ತಡೆಯುತ್ತದಾ? ಅವಳ ಮುಖ ನೋಡುವ ಮೊದಲು ಆ ಲೆಕ್ಕ ಬಂತು. ಒಳ್ಳೆಯ ಮನುಷ್ಯರು ಕೆಟ್ಟ ವ್ಯವಸ್ಥೆಯಲ್ಲಿ ಹೇಗೆ ಕಲ್ಲಾಗುತ್ತಾರೆ ಅಂತ ನಾನು ಎಷ್ಟೋ ಕಡೆ ಓದಿದ್ದೆ. ನನ್ನೊಳಗೇ ಅದು ಅರ್ಧ ಗಂಟೆಯಲ್ಲಿ ಆಗುವುದನ್ನು ಅವತ್ತು ಕಂಡೆ.

ಕೆಟ್ಟದ್ದು ಯಾವುದು ಅಂತ ಹೇಳುವುದು ಈಗ ಸುಲಭ. ಕೈ ಒಂದು ಹೇಳಿ ಕಥೆ ಇನ್ನೊಂದು ಹೇಳಿದರೆ ಕೃತಿ ಬಿರುಕು ಬಿಡುತ್ತದೆ. ಗೇಮ್ ವಿನ್ಯಾಸಕ ಕ್ಲಿಂಟ್ ಹಾಕಿಂಗ್ 2007ರಲ್ಲಿ 'ಬಯೋಶಾಕ್' ಅನ್ನುವ ಗೇಮಿನ ಬಗ್ಗೆ ಬರೆಯುತ್ತಾ ಇದಕ್ಕೆ 'ಲೂಡೋನರೇಟಿವ್ ಡಿಸೊನೆನ್ಸ್' ಅಂತ ಹೆಸರಿಟ್ಟರು. ಹೆಸರು ಭಾರ, ವಿಷಯ ಹಗುರ. ಆ ಗೇಮಿನ ನಿಯಮಗಳು ಸ್ವಾರ್ಥಿಯಾಗಲು ಬಿಡುತ್ತವೆ, ಅದಕ್ಕೆ ಲಾಭವನ್ನೂ ಕೊಡುತ್ತವೆ. ಕಥೆ ಮಾತ್ರ ಇನ್ನೊಬ್ಬನಿಗೆ ನೆರವಾಗಲೇಬೇಕು ಅಂತ ಎಳೆದುಕೊಂಡು ಹೋಗುತ್ತದೆ, ಅಲ್ಲಿ ಆಯ್ಕೆ ಇಲ್ಲ. ಇನ್ನೊಂದು ದೋಷ ಇದಕ್ಕಿಂತ ಜಾಸ್ತಿ ಕಾಣಸಿಗುತ್ತದೆ: ಮೂರು ಆಯ್ಕೆ ಕೊಟ್ಟು ಮೂರರಿಂದಲೂ ಒಂದೇ ಕಡೆ ತಂದು ನಿಲ್ಲಿಸುವುದು.

ಆಯ್ಕೆ ಕಡಿಮೆ ಇರುವುದೇ ತಪ್ಪು ಅಂತಲ್ಲ. 'ಡಿಪ್ರೆಶನ್ ಕ್ವೆಸ್ಟ್' ಅಂತ 2013ರ ಒಂದು ಕೃತಿ ಇದೆ, ಹೆಚ್ಚಿನದೆಲ್ಲ ಬರಹವೇ. ಖಿನ್ನತೆಯಲ್ಲಿರುವವರ ದಿನಗಳು. ಪ್ರತಿ ಪುಟದ ಕೆಳಗೆ ಆಯ್ಕೆಗಳ ಪಟ್ಟಿ. ಗೆಳೆಯರ ಜೊತೆ ಖುಷಿಯಾಗಿ ಬೆರೆಯುವಂಥ ಒಳ್ಳೆಯ ಆಯ್ಕೆಗಳು ಕಣ್ಣಿಗೆ ಕಾಣುತ್ತವೆ, ಆದರೆ ಅವುಗಳ ಮೇಲೆ ಅಡ್ಡಗೆರೆ ಎಳೆದಿರುತ್ತದೆ. ಒತ್ತಲು ಬರುವುದಿಲ್ಲ. ಖಿನ್ನತೆ ಹೆಚ್ಚಾದಂತೆ ಹೊಡೆದುಹಾಕಿದ ಸಾಲುಗಳೂ ಹೆಚ್ಚಾಗುತ್ತವೆ. "ಸ್ವಲ್ಪ ಹೊರಗೆ ಹೋಗಿ ಬಾ, ಸರಿಹೋಗುತ್ತದೆ" ಅಂತ ಹೇಳುವವರಿಗೆ ಆ ಗೆರೆಯನ್ನು ಒಮ್ಮೆ ತೋರಿಸಬೇಕು.

ಯಂತ್ರವೇ ಬರೆಯುವ, ಯಂತ್ರವೇ ಗೆರೆ ಎಳೆಯುವ ಕಲೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 1952ರಲ್ಲೇ ಕ್ರಿಸ್ಟೋಫರ್ ಸ್ಟ್ರೇಚಿ ಮ್ಯಾಂಚೆಸ್ಟರಿನ ಕಂಪ್ಯೂಟರಿನಿಂದ ಪ್ರೇಮಪತ್ರ ಬರೆಸಿದ್ದರು. ಜರ್ಮನಿಯ ಗೇಯೋರ್ಗ್ ನೇಸ್ 1968ರ ಸುಮಾರಿಗೆ ಮಾಡಿದ 'ಶೋಟ್ಟರ್' ಅನ್ನುವ ಚಿತ್ರವಂತೂ ನನಗೆ ಬಹಳ ಇಷ್ಟ. ಅಡ್ಡಕ್ಕೆ 12, ಉದ್ದಕ್ಕೆ 22 ಚೌಕಗಳು. ಮೇಲೆ ಎಲ್ಲವೂ ಅಚ್ಚುಕಟ್ಟು. ಕೆಳಗೆ ಬಂದಂತೆ ಒಂದೊಂದೂ ಸ್ವಲ್ಪ ವಾಲುತ್ತದೆ, ಜರುಗುತ್ತದೆ, ಕೊನೆಯ ಸಾಲಿನಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಯಾವ ಚೌಕ ಎಷ್ಟು ವಾಲಬೇಕು ಅಂತ ಅವರು ಹೇಳಲಿಲ್ಲ, ಯಂತ್ರ ಎಸೆದ ಅಂಕಿಗಳಿಗೆ ಬಿಟ್ಟರು. ಕೆಳಗಿಳಿದಂತೆ ವಾಲುವ ಮಿತಿ ಎಷ್ಟು ಹೆಚ್ಚಬೇಕು ಅನ್ನುವುದನ್ನು ಮಾತ್ರ ಹೇಳಿದರು. ಜಾಯ್ಸ್ ಬಾಗಿಲು ಇಟ್ಟದ್ದೂ ಇವರು ಮಿತಿ ಇಟ್ಟದ್ದೂ ಒಂದೇ ಜಾತಿಯ ಕೆಲಸ.

ನನಗೆ ನಿಜವಾಗಿ ನೋವು ಕೊಡುವ ಒಂದು ಸಂಗತಿ ಇದೆ. ಈ ಕೃತಿಗಳು ಬೇಗ ಸಾಯುತ್ತವೆ. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ತಂತ್ರಾಂಶಕ್ಕೆ ಬೆಂಬಲ ನಿಂತಿತು. ಅದರಲ್ಲಿ ಮಾಡಿದ ಎಷ್ಟೋ ಕವನ, ಚಿತ್ರ, ಆಟಗಳು ಬ್ರೌಸರಿನಲ್ಲಿ ತೆರೆಯದೇ ಹೋದವು. 'ರಫಲ್' ಅನ್ನುವ ತಂತ್ರಾಂಶ ಕೆಲವಕ್ಕೆ ಮತ್ತೆ ಜೀವ ಕೊಟ್ಟಿದೆ. ಪುಸ್ತಕಕ್ಕೆ ಗೆದ್ದಲು ಹಿಡಿಯಲು ವರ್ಷಗಳು ಬೇಕು. ಇಲ್ಲಿ ಬರೆದವರು ಬದುಕಿರುವಾಗಲೇ ಕೃತಿ ಕಣ್ಣೆದುರು ಹೋಗುತ್ತದೆ. ಸಿಕ್ಕಿದಾಗ ಆಡಿಬಿಡಿ, ಓದಿಬಿಡಿ.

ಎಲ್ಲಿಂದ ಶುರು ಮಾಡುವುದು? 'ಪ್ಯಾಸೇಜ್' ಹುಡುಕಿ. ಜೇಸನ್ ರೋರರ್ 2007ರಲ್ಲಿ ಮಾಡಿದ್ದು, ಸರಿಯಾಗಿ ಐದು ನಿಮಿಷ. ಚಿತ್ರ ಅಂತ ಹೇಳಿಕೊಳ್ಳುವಂಥದ್ದು ಏನಿಲ್ಲ, 100 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಒಂದು ಪಟ್ಟಿ. ಬಾಣದ ಗುರುತಿನ ಬಟನ್‌ಗಳು ಸಾಕು. ಶುರುವಿನಲ್ಲೇ ಒಬ್ಬ ಹೆಣ್ಣು ನಿಂತಿರುತ್ತಾಳೆ. ಮೊದಲ ಸಲ ಅವಳನ್ನು ಮುಟ್ಟದೆ ಒಬ್ಬರೇ ಹೋಗಿ, ಸಂದುಗಳಲ್ಲಿ ನುಸುಳಿ ಪೆಟ್ಟಿಗೆಗಳನ್ನು ತೆಗೆಯಿರಿ. ಎರಡನೆಯ ಸಲ ಅವಳನ್ನು ಜೊತೆಗೆ ಕರೆದುಕೊಂಡು ಹೊರಡಿ. ಮೊದಲ ಸಲ ಸಲೀಸಾಗಿ ನುಸುಳಿದ ಸಂದಿಯ ಮುಂದೆ ಇಬ್ಬರೂ ತಡೆದು ನಿಲ್ಲುತ್ತೀರಿ. ಅಲ್ಲಿ ನಿಮ್ಮ ಬೆರಳು ಏನು ಮಾಡುತ್ತದೆ ಗಮನಿಸಿ. ಈ ಸಲ ತಮ್ಮ ಪಕ್ಕದಲ್ಲಿ ಕೂತು ನೋಡಲಿ, ಆಡುವವರು ನೀವಾಗಿ.